ನೋವಿಗೆ ಹತ್ತರಲ್ಲಿ ಎಷ್ಟು

2004ನೇ ಇಸವಿ ಜುಲೈ ಒಂಬತ್ತು, ಶುಕ್ರವಾರ. ಬೆಳಿಗ್ಗೆ ಎಂಟು ನಲವತ್ತಕ್ಕೆ ಲಿಂಗರಾಜಪುರದ ಗೋವಿಂದಮ್ಮ ಎಂಬ ಐವತ್ತೆಂಟು ವರ್ಷದ ಹೆಂಗಸು ಇಂದಿರಾನಗರ ಠಾಣೆಗೆ ಬಂದರು. ಠಾಣೆಗೆ ಬರುವವರಲ್ಲಿ ಸಾಮಾನ್ಯವಾಗಿ ಎರಡು ಬಗೆ. ಬಾಗಿಲಲ್ಲೇ ಅಳು ಶುರುಮಾಡುವವರು, ಇಲ್ಲವೇ ಬಾಗಿಲಲ್ಲೇ ಜಗಳ ಶುರುಮಾಡುವವರು. ಈಕೆ ಎರಡೂ ಮಾಡಲಿಲ್ಲ. ಯಾರ ಹತ್ತಿರ ಹೇಳಬೇಕು ಎಂದು ಪಹರೆಯವನನ್ನು ಕೇಳಿ, ಅವನು ತೋರಿಸಿದ ಬೆಂಚಿನ ಮೇಲೆ ಕೂತು, ಇನ್ಸ್‌ಪೆಕ್ಟರ್ ಅಂಜನಮೂರ್ತಿ ಬರುವವರೆಗೆ ಎದುರಿನ ಗೋಡೆ ನೋಡುತ್ತಿದ್ದರು.

ದೂರಿನ ಸಾರಾಂಶ ಇಷ್ಟು. ಆಕೆಯ ಒಬ್ಬಳೇ ಮಗಳು ಪ್ರಿಯಾ, ಮೂವತ್ತೊಂದು ವರ್ಷ, ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಲಗೇಜು ತೂಗಿ ಚೀಟಿ ಕೊಡುವ ಕೌಂಟರಿನಲ್ಲಿದ್ದಳು. ಆ ವರ್ಷ ಕಂಪನಿಯವರು ಹುಡುಗಿಯರ ಸೀರೆ ತೆಗೆಸಿ ಸ್ಕರ್ಟು ಮಾಡಿದ್ದರು. ಸೀರೆ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತದೆ, ಸ್ಕರ್ಟಿಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಸೂಪರ್‌ವೈಸರ್ ಎರಡು ಸಲ ಎಲ್ಲರೆದುರು ಏನೋ ಅಂದಿದ್ದನಂತೆ. ಪ್ರಿಯಾ ಇಂದಿರಾನಗರ ಹನ್ನೆರಡನೇ ಮುಖ್ಯರಸ್ತೆಯ ‘ಸೌಷ್ಠವ’ ಕ್ಲಿನಿಕ್ಕಿಗೆ ಹೋಗಿ, ಮೈಯ ಕೊಬ್ಬನ್ನು ಸಣ್ಣ ಕೊಳವೆಯಿಂದ ಹೀರಿ ತೆಗೆಯುವ ಲೈಪೋಸಕ್ಷನ್‌ಗೆ ದಿನ ಗೊತ್ತುಮಾಡಿಕೊಂಡಳು. ಗುರುವಾರ ಬೆಳಿಗ್ಗೆ ಹತ್ತಕ್ಕೆ ಹೋದವಳು ಸಂಜೆ ಐದೂವರೆಗೆ ಆಟೋದಲ್ಲಿ ಮನೆಗೆ ಬಂದಳು. ಒಂಚೂರೂ ನೋವಿಲ್ಲ ಎಂದು ನಗುತ್ತಿದ್ದಳಂತೆ.

ಎಂಟು ಗಂಟೆ ಹೊತ್ತಿಗೆ ತುಟಿ ಜೋಮು ಹಿಡಿಯಿತು ಅಂದಳು. ಬಾಯಿ ಕಬ್ಬಿಣ ನೆಕ್ಕಿದ ಹಾಗಿದೆ, ಕಿವಿ ಗುಂಯ್ ಅನ್ನುತ್ತಿದೆ ಅಂದಳು. ಗೋವಿಂದಮ್ಮ ಕ್ಲಿನಿಕ್ಕಿನ ಕಾರ್ಡಿನಲ್ಲಿದ್ದ ನಂಬರಿಗೆ ಫೋನ್ ಮಾಡಿದರು. ಒಬ್ಬ ಹೆಂಗಸು ಎತ್ತಿದಳು.

“ಆಯಮ್ಮ ಅಂದ್ಲು, ಔಷಧ ಇನ್ನೂ ಕೆಲ್ಸ ಮಾಡ್ತಾ ಐತೆ, ಜೋಮು ಇದ್ರೆ ಒಳ್ಳೇದೇ, ನೋವು ಗೊತ್ತಾಗಲ್ಲ, ಮಲಗ್ಸಿ ಅಂತ. ಮಲಗ್ಸ್ದೆ ಸಾರ್. ಹೊದಿಕೆ ಹೊದ್ಸಿ, ಲೈಟ್ ಆರ್ಸಿ, ಬಾಗ್ಲು ಮುಂದ್ ಮಾಡ್ಕೊಂಡು ಬಂದೆ.”

ಒಂಬತ್ತೂವರೆಗೆ ಒಳಗೆ ಏನೋ ಬಿದ್ದ ಸದ್ದಾಯಿತು. ಪ್ರಿಯಾಳಿಗೆ ಫಿಟ್ಸ್ ಬಂದಿತ್ತು. ಪಕ್ಕದ ಮನೆಯವರು ಸೇರಿ ಶಿವಾಜಿನಗರದ ಸರ್ಕಾರಿ ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಜೀವ ಹೋಗಿತ್ತು.

ಯಾರ ಮೇಲಾದರೂ ಅನುಮಾನವಿದೆಯೇ ಎಂದು ಅಂಜನಮೂರ್ತಿ ಪದ್ಧತಿಯಂತೆ ಕೇಳಿದರು. ಗೋವಿಂದಮ್ಮ ಅದರ ಬದಲು ತಾವೇ ಒಂದು ಪ್ರಶ್ನೆ ಕೇಳಿದರು.

“ನಾನು ಮಲಗ್ಸಿದ್ದಕ್ಕೇ ಹೋದ್ಲಾ ಸಾರ್? ಅದೊಂದು ಹೇಳ್ಬಿಡಿ, ಸಾಕು.”

ತನಿಖೆ ಆಗಬೇಕು ಅಮ್ಮಾ ಎಂದರು ಇನ್ಸ್‌ಪೆಕ್ಟರ್. ಇಪ್ಪತ್ತು ವರ್ಷದ ನೌಕರಿಯಲ್ಲಿ ಈ ಮಾತನ್ನು ಅವರು ಸಾವಿರ ಸಲ ಹೇಳಿರಬಹುದು, ಆದರೆ ಹೇಳಿದ ಮೇಲೆ ತಲೆ ತಗ್ಗಿಸಿದ್ದು ಅಂದೇ. ಅಸಹಜ ಸಾವಿನ ಪ್ರಕರಣವೆಂದು ಯುಡಿಆರ್ ಸಂಖ್ಯೆ 17/2004 ದಾಖಲಾಯಿತು. ಬರೆದುಕೊಂಡವನು ಹೆಡ್‌ ಕಾನ್‌ಸ್ಟೆಬಲ್ ಹುಸೇನಪ್ಪ. ರಾಯಚೂರು ಜಿಲ್ಲೆಯ ಲಿಂಗಸುಗೂರಿನವನು. ಹೆತ್ತವರು ಊರ ದರ್ಗಾಕ್ಕೆ ಹರಕೆ ಹೊತ್ತ ಮೇಲೆ ಹುಟ್ಟಿದ್ದಕ್ಕೆ ಆ ಹೆಸರು. ಹೊಸದಾಗಿ ವರ್ಗವಾಗಿ ಬಂದ ಪ್ರತಿಯೊಬ್ಬ ಎಸ್‌ಐ ಅವನನ್ನು ರಂಜಾನ್ ಉಪವಾಸ ಇದ್ದೀಯಾ ಎಂದು ಕೇಳುತ್ತಾನೆ, ಹಣೆಯ ವಿಭೂತಿ ನೋಡಿ ಸುಮ್ಮನಾಗುತ್ತಾನೆ. ಬೆಂಗಳೂರಿಗೆ ಬಂದು ಹದಿನೆಂಟು ವರ್ಷವಾದರೂ ಅವನ ಮಾತು ಊರಿನದೇ.

ಹನ್ನೊಂದೂವರೆಗೆ ಶವಾಗಾರದಲ್ಲಿ ಪಂಚರ ಸಮಕ್ಷಮ ಶವ ಪಂಚನಾಮೆ ನಡೆಯಿತು. ಹೆಣ್ಣಿನ ಮೈ ಆದ್ದರಿಂದ ಮಹಿಳಾ ಕಾನ್‌ಸ್ಟೆಬಲ್ ನಾಗರತ್ನಾ ಬಟ್ಟೆ ಸರಿಸಿ, ಕಂಡದ್ದನ್ನು ಕೂಗಿ ಹೇಳುತ್ತಿದ್ದಳು. ಹುಸೇನಪ್ಪ ಪರದೆಯ ಈಚೆ ನಿಂತು ಬರೆಯುತ್ತಿದ್ದ. ಮೈ ಮೇಲೆ ನೀಲಿ ಪೆನ್ನಿನಲ್ಲಿ ಎಳೆದ ಗೆರೆಗಳಿದ್ದವು. ಒಂದರೊಳಗೊಂದು ಸುತ್ತು, ಸರ್ವೆ ನಕ್ಷೆಯಲ್ಲಿ ಗುಡ್ಡ ತೋರಿಸುವ ಹಾಗೆ, ನಡುವೆ ಒಂದೊಂದು ಅಂಕಿ. ಹೊಕ್ಕುಳ ಸುತ್ತ ಒಂದು. ಸೊಂಟದ ಎರಡೂ ಪಕ್ಕ ಎರಡು. ತೊಡೆಯ ಒಳಮಗ್ಗುಲಲ್ಲಿ ಮೂರು. ಮಂಡಿಯ ಒಳಗಡೆ ನಾಲ್ಕು. ಪ್ರತಿ ಸುತ್ತಿನ ಅಂಚಿನಲ್ಲಿ ಜೋಳದ ಕಾಳಿನಷ್ಟು ಚಿಕ್ಕ ಗಾಯ, ಅದರ ಪಕ್ಕ ಸರಿ ಎಂದು ಗುರುತು ಹಾಕುವ ಗೀಟು. ನಾಲ್ಕನೆಯದಕ್ಕೆ ಬಂದಾಗ ನಾಗರತ್ನಾಳ ದನಿ ಇಳಿಯಿತು.

“ಸಾರ್, ಇವ್ಳು ದಪ್ಪ ಎಲ್ಲಿದ್ಲು?”

ಎತ್ತರ ಐದಡಿ ನಾಲ್ಕಂಗುಲ, ತೂಕ ಅರವತ್ತೆಂಟು ಕಿಲೋ. ಪಂಚನಾಮೆಯಲ್ಲಿ ಬರೆಯಲು ಅಷ್ಟೇ ಇತ್ತು. ಕೊಳವೆ ಎಲ್ಲೂ ಕರುಳನ್ನು ಚುಚ್ಚಿಲ್ಲ, ರಕ್ತ ಹೆಚ್ಚು ಹೋಗಿಲ್ಲ, ರಕ್ತ ಮತ್ತು ಯಕೃತ್ತನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತೇನೆ ಎಂದು ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯೆ ಹೇಳಿದರು. ಮರಗಟ್ಟಿಸುವ ಔಷಧ ಕೊಬ್ಬಿನಲ್ಲಿ ನಿಂತು ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ, ಎಂಟು ಹತ್ತು ಗಂಟೆಯ ಮೇಲೆ ಅದರ ಆಟ ಗೊತ್ತಾಗುತ್ತದೆ ಎಂದೂ ಹೇಳಿದರು. ಅಂದಿನಿಂದ ಅಂಜನಮೂರ್ತಿಯವರಿಗೆ ಒಂದು ಕಾಟ ಅಂಟಿಕೊಂಡಿತು. ಫೈಲಿನ ಮೇಲೆ ಟೀ ಲೋಟ ಬಿಟ್ಟ ಉಂಗುರ ಕಂಡರೂ ಅದರೊಳಗೆ ಅಂಕಿ ಹುಡುಕುತ್ತಿದ್ದರು. ಮನೆಯಲ್ಲಿ ಹೆಂಡತಿ ನೀಲಿ ಅಂಚಿನ ತಟ್ಟೆಯಲ್ಲಿ ಬಡಿಸಿದರೆ ತಟ್ಟೆ ಬದಲಿಸು ಅನ್ನುತ್ತಿದ್ದರು, ಕಾರಣ ಹೇಳುತ್ತಿರಲಿಲ್ಲ.

ಅದೇ ದಿನ ಮಧ್ಯಾಹ್ನ ಮೂರಕ್ಕೆ ಕ್ಲಿನಿಕ್ಕಿಗೆ ಹೋದರು. ಡಾ. ಲಕ್ಷ್ಮಿಕಾಂತ ನಲವತ್ತನಾಲ್ಕರ, ಮೃದು ಮಾತಿನ ಮನುಷ್ಯ. ಗೋಡೆಯ ಮೇಲೆ ಹೆಣ್ಣಿನ ಮೈಯ ರೇಖಾಚಿತ್ರ ತೂಗುಹಾಕಿದ್ದರು. ಎಲ್ಲಿ ಎಷ್ಟು ನೋವಾಗುತ್ತದೆ ಎಂದು ಅದರಲ್ಲಿ ಬಣ್ಣ ಹಚ್ಚಿತ್ತು. ಹೊರತೊಡೆಗೆ ತಿಳಿ ಹಳದಿ, ಹೊಟ್ಟೆಯ ಬದಿಗೆ ಕಿತ್ತಳೆ, ಹೊಕ್ಕುಳ ಸುತ್ತಲೂ ಪಕ್ಕೆಲುಬಿನ ಅಂಚಿಗೂ ಕೆಂಪು, ಒಳತೊಡೆಗೂ ಮಂಡಿಯ ಒಳಬದಿಗೂ ಕಡು ಕೆಂಪು. ಡಾಕ್ಟರು ಕೋಲು ಹಿಡಿದು ಪಾಠ ಮಾಡುವವರಂತೆ ವಿವರಿಸಿದರು. ಉಪ್ಪುನೀರಿನ ಬಾಟಲಿಗೆ ಲಿಗ್ನೊಕೇನ್ ಎಂಬ ಮರಗಟ್ಟಿಸುವ ಔಷಧ ಬೆರೆಸಿ, ಆ ಜಾಗ ಸೀಬೆಕಾಯಿಯಂತೆ ಗಟ್ಟಿಯಾಗುವವರೆಗೆ ಒಳಗೆ ತುಂಬುತ್ತಾರೆ. ರೋಗಿ ಎಚ್ಚರವಾಗಿಯೇ ಇರುತ್ತಾಳೆ. ಹತ್ತು ನಿಮಿಷಕ್ಕೊಮ್ಮೆ ನೋವಿಗೆ ಹತ್ತರಲ್ಲಿ ಎಷ್ಟು ಎಂದು ಕೇಳಿ, ಒಂದೊಂದು ಜಾಗದ ಅಂಕಿಯನ್ನು ರಿಜಿಸ್ಟರಿನಲ್ಲಿ ಬರೆಯುತ್ತಾರೆ.

“ಅರಿವಳಿಕೆ ಡಾಕ್ಟರು ಯಾರಿದ್ರು?”

“ಲೋಕಲ್ ಅಲ್ವಾ, ಇದಕ್ಕೆ ಬೇಕಾಗಲ್ಲ.”

“ನೋವಾಗಿ ಕೂಗಿದ್ರೆ?”

“ಮ್ಯೂಸಿಕ್ ಹಾಕಿರ್ತೀವಿ.”

“ಅವರಿಗೋ, ನಿಮಗೋ?”

ಡಾಕ್ಟರು ಕನ್ನಡಕ ಒರೆಸಿಕೊಂಡರು. ಮಿಕ್ಕಿದ್ದಕ್ಕೆಲ್ಲ ಅವರ ಹತ್ತಿರ ಉತ್ತರವಿತ್ತು. ಮಾಮೂಲಿಗೆ ಒಂದು ದಿನಕ್ಕೆ ಎರಡೇ ಜಾಗ ಮಾಡುತ್ತಾರೆ. ಪ್ರಿಯಾಳಿಗೆ ನಾಲ್ಕೇ ದಿನ ರಜೆ ಇದ್ದದ್ದರಿಂದ ನಾಲ್ಕೂ ಜಾಗ ಒಟ್ಟಿಗೆ ಮುಗಿಸಿ ಎಂದು ಹಟ ಹಿಡಿದಳು. ಐದು ಬಾಟಲಿ ಹೋಯಿತು, ಬಾಟಲಿಗೆ ಒಂದು ವಯಲ್, ಅಂದರೆ ಒಂದು ಸಣ್ಣ ಸೀಸೆಯಂತೆ ಔಷಧ. ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಿದ ಚೀಟಿ ತೋರಿಸಿದರು. ಲೆಕ್ಕ ಸರಿಯಾಗಿತ್ತು, ಮಿತಿಯ ಒಳಗೇ ಇತ್ತು. ಔಷಧ ಬೆರೆಸಿದ್ದು ತಾವೇ ಎಂದರು. ರಾತ್ರಿ ಫೋನ್ ಎತ್ತಿದ್ದು ಯಾರು ಎಂದು ಕೇಳಿದರೆ, ಆರೂವರೆಗೆ ಕ್ಲಿನಿಕ್ ಮುಚ್ಚುತ್ತದೆ, ಯಾರೂ ಇರಲಿಕ್ಕಿಲ್ಲ ಎಂದರು. ಕೆಲಸಕ್ಕಿದ್ದವರು ಇಬ್ಬರು. ರಿಸೆಪ್ಷನಿಸ್ಟ್ ಉಮಾಶ್ರೀ, ಮತ್ತು ಅಮೃತಮ್ಮ ಎಂಬ ಆಯಾ. ಆಪರೇಷನ್ ಹೊತ್ತಿನಲ್ಲಿ ರೋಗಿಯ ತಲೆಯ ಬಳಿ ಸ್ಟೂಲ್ ಹಾಕಿಕೊಂಡು ಕೂತು ಅವಳ ಕೈ ಹಿಡಿದುಕೊಳ್ಳುವುದು ಆಯಾಳ ಕೆಲಸ. ಆಕೆ ಊರಿಗೆ ಹೋಗಿದ್ದಾಳೆ, ವಿಳಾಸ ಗೊತ್ತಿಲ್ಲ ಎಂದರು ಡಾಕ್ಟರು. ರಿಜಿಸ್ಟರು, ಖಾಲಿ ಬಾಟಲಿ, ಉಳಿದ ವಯಲ್‌ಗಳನ್ನು ಮಹಜರು ಬರೆದು ವಶಕ್ಕೆ ಪಡೆದರು.

ಪ್ರಯೋಗಾಲಯದ ವರದಿ, ಅದರ ಮೇಲೆ ಸರ್ಕಾರಿ ವೈದ್ಯಕೀಯ ತಜ್ಞರ ಅಭಿಪ್ರಾಯ, ಎರಡೂ ಕೈಸೇರಿದ್ದು ಜುಲೈ ಮೂವತ್ತರಂದು. ರಕ್ತದಲ್ಲಿ ಸಿಕ್ಕ ಲಿಗ್ನೊಕೇನ್, ರಿಜಿಸ್ಟರಿನಲ್ಲಿ ಬರೆದದ್ದಕ್ಕಿಂತ ಸುಮಾರು ಎರಡು ಪಟ್ಟು ಔಷಧ ಹೋಗಿದೆ ಎಂದು ತೋರಿಸುತ್ತಿತ್ತು. ಇದು ಮೊದಲ ಪ್ಯಾರಾ. ಎರಡನೆಯ ಪ್ಯಾರಾದಲ್ಲಿ ತುಟಿ ಜೋಮು, ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಸದ್ದು ವಿಷವೇರಿದ ಮೊದಲ ಲಕ್ಷಣಗಳು, ಆ ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಿದ್ದರೆ ಬದುಕುವ ಸಾಧ್ಯತೆ ಹೆಚ್ಚಿತ್ತು ಎಂದಿತ್ತು. ಅಂಜನಮೂರ್ತಿ ಎರಡನೆಯದನ್ನು ಎರಡು ಸಲ ಓದಿ ಫೈಲಿಗೆ ಸೇರಿಸಿದರು. ನಿರ್ಲಕ್ಷ್ಯದಿಂದ ಸಾವು, ಐಪಿಸಿ ಕಲಂ 304ಎ ಅಡಿ ಎಫ್‌ಐಆರ್ ಆಯಿತು.

ಗೋವಿಂದಮ್ಮ ಪ್ರತಿ ಶುಕ್ರವಾರ ಬರುತ್ತಿದ್ದರು. ಡಾಕ್ಟರನ್ನು ಹಿಡಿದಿರಾ ಎಂದು ಒಮ್ಮೆಯೂ ಕೇಳಲಿಲ್ಲ. ಮೊದಲ ದಿನದ ಅದೊಂದೇ ಪ್ರಶ್ನೆ. ಜುಲೈ ಮೂವತ್ತೂ ಶುಕ್ರವಾರವೇ. ವರದಿ ಮೇಜಿನ ಡ್ರಾಯರಿನಲ್ಲಿರುವಾಗಲೇ ಇನ್ನೂ ಬಂದಿಲ್ಲಮ್ಮ ಎಂದರು ಅಂಜನಮೂರ್ತಿ. ಪೊಲೀಸರ ಬಾಯಿಗೆ ಸುಳ್ಳು ಹೊಸದೇನಲ್ಲ, ಆದರೆ ಅಂದು ಅವರ ಊಟದ ಡಬ್ಬಿ ತೆರೆಯದೆಯೇ ಮನೆಗೆ ವಾಪಸಾಯಿತು.

ಡಾಕ್ಟರು ಸುಳ್ಳು ಬರೆದಿದ್ದಾರೆ ಎಂದು ಠಾಣೆಯವರೆಲ್ಲ ತೀರ್ಮಾನಿಸಿ ಆಗಿತ್ತು. ಅಂಜನಮೂರ್ತಿಯವರೂ ಹಾಗೇ ಅಂದುಕೊಂಡು, ಆ ಸುಳ್ಳಿನ ಜಾಗ ಹುಡುಕಲೆಂದೇ ರಿಜಿಸ್ಟರು ಹಿಡಿದು ಕೂತರು. ಎರಡು ವರ್ಷದ ಪುಸ್ತಕ. ಹೆಸರಿಲ್ಲ, ಬರೀ ಕ್ರಮಸಂಖ್ಯೆ, ತಾರೀಖು, ಔಷಧದ ಲೆಕ್ಕ, ಮೈಯ ಜಾಗ, ನೋವಿನ ಅಂಕಿ. ಹೊರತೊಡೆ ಮೂರು, ಹೊಟ್ಟೆ ಐದು, ಹೊಕ್ಕುಳ ಎಂಟು, ಒಳತೊಡೆ ಒಂಬತ್ತು, ಮಂಡಿ ಒಂಬತ್ತು. ಹೀಗೆ ಪುಟದ ಮೇಲೆ ಪುಟ. ಯಾರೋ ಗೋಡೆಯ ಆಚೆ ಸಾಲಾಗಿ ನಿಂತು ಹಲ್ಲು ಕಚ್ಚಿ ಒಂದೊಂದೇ ಅಂಕಿ ಹೇಳುತ್ತಿದ್ದಾರೆ ಅನ್ನಿಸಿ ಅವರು ನಡುನಡುವೆ ಎದ್ದು ಹೊರಗೆ ಹೋಗಿ ಬರುತ್ತಿದ್ದರು. ಸಾಹೇಬರು ಪಿಯುಸಿ ಪರೀಕ್ಷೆಗೆ ಓದ್ತಾವ್ರೆ ಎಂದು ಹುಡುಗರು ತಮಾಷೆ ಮಾಡಿದರು.

ಎರಡನೆಯ ದಿನ ಅವರಿಗೆ ಕಂಡದ್ದು ಸುಳ್ಳಲ್ಲ, ಇನ್ನೇನೋ. ಆ ವರ್ಷದ ಫೆಬ್ರುವರಿ ಕೊನೆಯವರೆಗೆ ಒಳತೊಡೆಗೆ ಎಂಟು, ಒಂಬತ್ತು, ಒಂಬತ್ತು, ಏಳು. ಮಾರ್ಚ್ ಎರಡನೇ ವಾರದಿಂದ ಎರಡು, ಒಂದು, ಎರಡು, ಸೊನ್ನೆ. ಅದೇ ಡಾಕ್ಟರು, ಅದೇ ಕೊಳವೆ, ಅದೇ ಕಡು ಕೆಂಪು ಜಾಗ. ಐವತ್ತಮೂರು ಹೆಂಗಸರು, ಒಬ್ಬರಿಗೂ ಮೂರರ ಮೇಲೆ ನೋವಿಲ್ಲ.

ಡಾಕ್ಟರನ್ನು ಕರೆಸಿ ಕೇಳಿದಾಗ ಅವರ ಮುಖ ಮೊದಲ ಸಲ ಅರಳಿತು. ತಮ್ಮ ಕೈ ಪಳಗಿದೆ, ಔಷಧ ತುಂಬುವ ವೇಗ ತಗ್ಗಿಸಿದ್ದರಿಂದ ಹೀಗಾಗಿದೆ, ಮೇ ತಿಂಗಳಲ್ಲಿ ಚೆನ್ನೈಯ ಸಮ್ಮೇಳನದಲ್ಲಿ ಇದರ ಬಗ್ಗೆ ಪ್ರಬಂಧ ಓದಿ ಚಪ್ಪಾಳೆ ಪಡೆದೆ ಎಂದರು. ನೋವು ಹೆಚ್ಚಾಗಿದ್ದರೆ ಕಾರಣ ಹುಡುಕುತ್ತಿದ್ದರೇನೋ. ಕಡಿಮೆಯಾದದ್ದಕ್ಕೆ ತಮ್ಮ ಬೆನ್ನು ತಾವೇ ತಟ್ಟಿಕೊಂಡರು.

ಮಾರ್ಚಿನಲ್ಲಿ ಕ್ಲಿನಿಕ್ಕಿನಲ್ಲಿ ಏನು ಬದಲಾಯಿತು ಎಂದು ಉಮಾಶ್ರೀಯನ್ನು ಕೇಳಿದರು. ಆ ಹುಡುಗಿ ಹೆದರುತ್ತ ಹೇಳಿದಳು. ಮೊದಲಿದ್ದ ನರ್ಸ್ ಫೆಬ್ರುವರಿಯಲ್ಲಿ ಕೆಲಸ ಬಿಟ್ಟು ದುಬೈಗೆ ಹೋದಳು. ಡಾಕ್ಟರು ಬೇರೆ ನರ್ಸ್ ತೆಗೆದುಕೊಳ್ಳಲಿಲ್ಲ. ಅಮೃತಮ್ಮನಿಗೇ ತೋರಿಸಿಕೊಟ್ಟರು. ಅಂದಿನಿಂದ ಬೆಳಿಗ್ಗೆ ಬಾಟಲಿಗಳಿಗೆ ಔಷಧ ಸೇರಿಸಿ ತೂಗುಹಾಕಿ ಇಡುವವಳು ಅಮೃತಮ್ಮ. ಆಪರೇಷನ್ ಇದ್ದ ದಿನ ಬಟ್ಟೆ ಒಗೆದು ರಾತ್ರಿ ಒಂಬತ್ತರ ಹೊತ್ತಿಗೆ ಹೋಗುವವಳೂ ಅವಳೇ. ಟೆಲಿಫೋನ್ ಇಲಾಖೆಯಿಂದ ತರಿಸಿದ ಪಟ್ಟಿಯಲ್ಲಿ ಜುಲೈ ಎಂಟರ ರಾತ್ರಿ ಎಂಟು ಹನ್ನೆರಡಕ್ಕೆ ಲಿಂಗರಾಜಪುರದಿಂದ ಬಂದ ಕರೆ ಇತ್ತು, ನಾಲ್ಕು ನಿಮಿಷ. ಇಷ್ಟನ್ನೂ ಮುಂದಿಟ್ಟಾಗ ಡಾಕ್ಟರು ಒಪ್ಪಿಕೊಂಡರು. ಅಮೃತಮ್ಮ ಊರಿಗೆ ಹೋಗಿಲ್ಲ, ಕೆಲವು ದಿನ ಬರಬೇಡ ಎಂದು ತಾವೇ ಹೇಳಿದ್ದು. ವಿಳಾಸವೂ ಗೊತ್ತಿತ್ತು.

ಆಗಸ್ಟ್ ಮೂರು, ಮಂಗಳವಾರ ಮಧ್ಯಾಹ್ನ ಎರಡೂವರೆಗೆ ಅಂಜನಮೂರ್ತಿ, ಹುಸೇನಪ್ಪ, ನಾಗರತ್ನಾ ಮೂವರೂ ಬೈಯಪ್ಪನಹಳ್ಳಿಗೆ ಹೋದರು. ರೈಲು ಹಳಿಯ ಆಚೆ ಒಂದೇ ಸೂರಿನಡಿ ಹನ್ನೆರಡು ಕೋಣೆ, ಹನ್ನೆರಡಕ್ಕೂ ರಾಯಚೂರು, ಕೊಪ್ಪಳದ ಕಡೆಯ ಜನ. ಗಂಡಸರು ಗಾರೆ ಕೆಲಸಕ್ಕೆ ಹೋಗಿದ್ದರು. ಅಮೃತಮ್ಮ, ಕ್ಲಿನಿಕ್ ಕೆಲಸ ನಿಂತ ಮೇಲೆ ಹಿಡಿದಿದ್ದ ಸಿ.ವಿ. ರಾಮನ್ ನಗರದ ಮೂರು ಮನೆಗಳಲ್ಲಿ ಪಾತ್ರೆ ತಿಕ್ಕಿ ಆಗಷ್ಟೇ ಬಂದಿದ್ದಳು. ನಲವತ್ತೆರಡು ವರ್ಷ, ಸಣ್ಣ ಮೈಕಟ್ಟು. ಹುಸೇನಪ್ಪನ ಮಾತು ಕೇಳಿ ಯಾವ ಊರೆಂದು ವಿಚಾರಿಸಿದಳು. ತಾನು ಮಾನ್ವಿ ಕಡೆಯವಳು ಎಂದಳು. ಬಂದವರು ಪೊಲೀಸರು ಅನ್ನುವುದಕ್ಕಿಂತ ಊರ ಕಡೆಯವನೊಬ್ಬ ಬಂದ ಅನ್ನುವುದೇ ಆಕೆಗೆ ಮುಖ್ಯವಾಗಿ, ಮೂವರಿಗೂ ನೀರು ಕೊಟ್ಟಳು. ಇನ್ಸ್‌ಪೆಕ್ಟರ್ ಕಣ್ಸನ್ನೆ ಮಾಡಿದ ಮೇಲೆ ಹುಸೇನಪ್ಪನೇ ಕೇಳಿದ.

“ಅಕ್ಕಾ, ಬಾಟ್ಲಿಗೆ ಔಷಧ ಯಾರು ಹಾಕ್ತಿದ್ರು?”

“ನಾನ ಹಾಕ್ತಿದ್ದೆ ರೀ.”

“ಒಂದಕ್ಕ ಎಷ್ಟು?”

“ಒಂದು ಹಾಕು ಅಂತಿದ್ರು ಡಾಕ್ಟರು. ನಾನು ಎರಡು ಹಾಕ್ತಿದ್ದೆ.”

ಮುಚ್ಚಿಡಬೇಕಾದ ಸಂಗತಿ ಇದು ಎಂದು ಆಕೆಗೆ ಅನ್ನಿಸಿದಂತೆ ಕಾಣಲಿಲ್ಲ. ಹುಸೇನಪ್ಪನ ಪೆನ್ನು ಹಾಳೆಯ ಮೇಲೇ ನಿಂತಿತು. ಯಾಕೆ ಎಂದು ಅಂಜನಮೂರ್ತಿ ಕೇಳಿದರು.

“ಕೈ ಹಿಡ್ಕೊಂಡು ಕೂಡಾಕಿ ನಾನು ರೀ. ಡಾಕ್ಟರಿಗೆ ಅಂಕಿ ಹೇಳ್ತಿದ್ರು. ನನ್ನ ಕೈಗೆ ಖರೇ ಹೇಳ್ತಿದ್ರು.”

ಅಂಕಿ ನಾಲ್ಕು ಎಂದು ಹೇಳುವವಳು ತನ್ನ ಬೆರಳು ಮುರಿಯುವ ಹಾಗೆ ಹಿಂಡುತ್ತಿದ್ದಳು ಎಂದು ಅಮೃತಮ್ಮ ವಿವರಿಸಿದಳು. ಡಾಕ್ಟರ ಎದುರು ನೋವು ಅನ್ನಲು ದೊಡ್ಡ ಮನೆ ಹೆಂಗಸರಿಗೆ ನಾಚಿಕೆ. ಸಣ್ಣಗಾಗಲು ತಾವೇ ಬಂದದ್ದಲ್ಲವೇ, ಅನುಭವಿಸಬೇಕು ಅಂದುಕೊಳ್ಳುತ್ತಿದ್ದರು. ಒಳತೊಡೆಗೆ ಕೊಳವೆ ಹೋದಾಗ ಹಾಡು ಜೋರಾಗುತ್ತಿತ್ತು. ಮಾರ್ಚಿನಲ್ಲಿ ಬಾಟಲಿಯ ಕೆಲಸ ಕೈಗೆ ಬಂದಾಗ, ಒಂದು ದಿನ ಹೆದರಿ ಹೆದರಿ ಇನ್ನೊಂದು ವಯಲ್ ಸೇರಿಸಿ ನೋಡಿದಳು. ಅಂದು ಹಿಡಿದ ಕೈ ಕೊನೆಯವರೆಗೂ ಮೆತ್ತಗಿತ್ತು. ಆ ಹೆಂಗಸು ಎದ್ದು ಹೋಗುವಾಗ ನಕ್ಕಳು. ಆಮೇಲೆ ಐವತ್ತು ಮಂದಿ ಹಾಗೇ ನಗುತ್ತಲೇ ಹೋದರು. ಎರಡು ಜಾಗಕ್ಕೆ ಎರಡು ಮೂರು ಬಾಟಲಿ ಸಾಕಾಗುತ್ತಿದ್ದಾಗ ದುಪ್ಪಟ್ಟಾದ ಔಷಧವನ್ನೂ ಅವರ ಮೈ ತಡೆದುಕೊಂಡಿತ್ತು. ನಾಲ್ಕು ಜಾಗಕ್ಕೆ ಐದು ಬಾಟಲಿ ಎಂದಾಗ ತಡೆಯಲಿಲ್ಲ. ಈ ಲೆಕ್ಕವನ್ನು ಅಮೃತಮ್ಮನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಲೆಕ್ಕ ಗೊತ್ತಿದ್ದ ಡಾಕ್ಟರಿಗೆ ಬಾಟಲಿಯ ಕಡೆ ನೋಡಲು ಪುರುಸೊತ್ತಿರಲಿಲ್ಲ.

ನೋವಿನ ಸಂಗತಿ ನಿಮಗೇಕೆ ಅಷ್ಟು ಹತ್ತಿತು ಎಂದು ನಾಗರತ್ನಾ ಕೇಳಿದಳು. ತನಿಖೆಯ ಪಟ್ಟಿಯಲ್ಲಿ ಈ ಪ್ರಶ್ನೆ ಇರಲಿಲ್ಲ. ಅಮೃತಮ್ಮ ಹೇಳಿದಳು. 1987ರ ಬೇಸಗೆ, ಮೂರನೆಯ ಕೂಸಾದ ಮೇಲೆ, ಯಾವುದೋ ಊರಿನ ಶಾಲೆಯಲ್ಲಿ ಮಕ್ಕಳಾಗದ ಆಪರೇಷನ್ ಕ್ಯಾಂಪ್. ಮಕ್ಕಳ ಬೆಂಚು ಜೋಡಿಸಿ ಮಲಗಿಸಿದ್ದರು. ಸಾಲಿನಲ್ಲಿ ಮೂವತ್ತಾರು ಹೆಂಗಸರು. ಹೊಟ್ಟೆಗೆ ಸೂಜಿ ಚುಚ್ಚಿದವನು ಜೋಮು ಹಿಡಿಯುವವರೆಗೆ ಕಾಯಲಿಲ್ಲ. ಆಕೆ ಚೀರಿದಾಗ ಯಾರೋ ಸೆರಗಿನ ಚುಂಗನ್ನು ಆಕೆಯ ಬಾಯಿಗೇ ತುರುಕಿದರು.

“ಸೂಜಿ ಮಾಡೀವಿ, ನೋವಾಗಂಗಿಲ್ಲ, ನಾಟಕ ಮಾಡ್ತಾಳ ಅಂದ ಡಾಕ್ಟರು. ನೋವು ನಂದು ರೀ. ಇಲ್ಲ ಅನ್ನಾಂವ ಅವ. ಅವತ್ತಿನ ಔಷಧಾನೂ ಇದ, ಬಾಟ್ಲಿ ಮ್ಯಾಲ ಇದ ಹೆಸರಿತ್ತು.”

ಹದಿನೇಳು ವರ್ಷದಿಂದ ಆ ಚೀರು ತನ್ನ ಗಂಟಲಲ್ಲೇ ಇದೆ, ಯಾರು ಚೀರಿದರೂ ಅದು ತನ್ನದೇ ಅನ್ನಿಸುತ್ತದೆ ಎಂದಳು. ನಾಗರತ್ನಾ ಎದ್ದು ಬಾಗಿಲ ಹೊರಗೆ ನಿಂತಳು.

ಪ್ರಿಯಾ ಸತ್ತ ಸುದ್ದಿ ಅಮೃತಮ್ಮನಿಗೆ ಗೊತ್ತಿತ್ತು. ಎದೆ ನಿಂತು ಸತ್ತಳು ಎಂದಷ್ಟೇ ಡಾಕ್ಟರು ಹೇಳಿದ್ದರು. ಹುಸೇನಪ್ಪ ನಿಜ ಹೇಳಿದ. ಎರಡನೆಯ ವಯಲ್ಲು, ತುಟಿಯ ಜೋಮು, ಫೋನು, ಒಂದೊಂದಾಗಿ, ತಮ್ಮೂರಿನ ಮಾತಿನಲ್ಲಿ. ಈ ಕೆಲಸಕ್ಕೆ ತನ್ನ ಮಾತು ಉಪಯೋಗಕ್ಕೆ ಬಂತಲ್ಲ ಎಂದು ಅವನಿಗೆ ಆಮೇಲೆ ಬಹಳ ದಿನ ಸಂಕಟವಾಯಿತು. ಅಮೃತಮ್ಮ ಅಳಲಿಲ್ಲ.

“ಫೋನ್ ಮಾಡಿದಾಕಿ ಅವರ ಅವ್ವನಾ?”

ಹೌದೆಂದ. ಆ ತಾಯಿ ಪ್ರತಿ ಶುಕ್ರವಾರ ಠಾಣೆಗೆ ಬರುವುದನ್ನೂ, ತಾನು ಮಲಗಿಸಿದ್ದಕ್ಕೇ ಮಗಳು ಸತ್ತಳೇ ಎಂದು ಕೇಳುವುದನ್ನೂ ಹೇಳಿಬಿಟ್ಟ. ಹೇಳಬಾರದಿತ್ತು ಎಂದು ಅಂಜನಮೂರ್ತಿ ಅವನ ಕಡೆ ನೋಡಿದರು. ಅಮೃತಮ್ಮ ಎದ್ದು ಸ್ಟೋವ್ ಆರಿಸಿ, ಬೀಗದ ಕೈಯನ್ನು ಪಕ್ಕದ ಕೋಣೆಯವಳಿಗೆ ಕೊಟ್ಟು ಬಂದಳು.

ಮೂರು ನಲವತ್ತಕ್ಕೆ ಆಕೆಯನ್ನೂ, ಐದೂಕಾಲಿಗೆ ಡಾ. ಲಕ್ಷ್ಮಿಕಾಂತರನ್ನೂ ದಸ್ತಗಿರಿ ಮಾಡಿದರು. ಮೊದಲ ಆರೋಪಿ ಡಾಕ್ಟರು, ಎರಡನೆಯವಳು ಅಮೃತಮ್ಮ. ಔಷಧ ಹಾಕಿದವಳು ಆಯಾ, ಡಾಕ್ಟರು ಹೇಗೆ ಮೊದಲು ಎಂದು ಮೇಲಿನವರು ಫೋನಿನಲ್ಲಿ ಕೇಳಿದರು. ಸೂಜಿ ಹಿಡಿಯಲು ಬಾರದವಳ ಕೈಗೆ ಸೂಜಿ ಕೊಟ್ಟವರು, ನಾಲ್ಕು ಜಾಗ ಕೊರೆದು ಸಂಜೆಗೆ ಆಟೋ ಹತ್ತಿಸಿ ಕಳಿಸಿದವರು, ತುರ್ತಿಗೆ ಒಂದು ನಂಬರು ಕೊಡದವರು ಮೊದಲು ಸಾರ್ ಎಂದು ಅಂಜನಮೂರ್ತಿ ಹೇಳಿ ಫೋನಿಟ್ಟರು. ಡಾಕ್ಟರು ಅಂದೇ ಜಾಮೀನಿನ ಮೇಲೆ ಮನೆಗೆ ಹೋದರು. ಅಮೃತಮ್ಮನಿಗೆ ಜಾಮೀನು ನಿಲ್ಲುವವರು ಆ ಹನ್ನೆರಡು ಕೋಣೆಗಳಲ್ಲಿ ಯಾರೂ ಇರಲಿಲ್ಲ. ಕಾನೂನು ಇಬ್ಬರಿಗೂ ಒಂದೇ ಎಂದು ಪುಸ್ತಕದಲ್ಲಿದೆ, ಇರಲಿ.

ಮರುದಿನ ನ್ಯಾಯಾಲಯಕ್ಕೆ ಒಯ್ಯುವ ಮೊದಲು ಸ್ವ-ಇಚ್ಛಾ ಹೇಳಿಕೆ ಬರೆಸಿಕೊಂಡರು. ಎಲ್ಲ ಮುಗಿದು ಹೆಬ್ಬೆಟ್ಟಿನ ಡಬ್ಬಿ ಮುಂದಿಟ್ಟಾಗ, ತನಗೆ ಸಹಿ ಬರುತ್ತದೆ ಎಂದಳು ಅಮೃತಮ್ಮ. ಆಮೇಲೆ ಹುಸೇನಪ್ಪನ ಕಡೆ ತಿರುಗಿದಳು.

“ಇನ್ನೊಂದು ಬರ್ಕೋರಿ ಅಣ್ಣಾ. ಆ ಅವ್ವ ಮಗಳನ್ನ ಆಸ್ಪತ್ರಿಗೆ ಒಯ್ತೀನಿ ಅಂದ್ರು. ನಾನ ಬ್ಯಾಡ ಅಂದೆ. ಒಯ್ದ್ರ ಕೆಡತದ ಅಂತ ಹೆದರಿಸಿದೆ.”

ಗೋವಿಂದಮ್ಮನ ದೂರು ಹುಸೇನಪ್ಪನದೇ ಕೈಬರಹ. ಅದರಲ್ಲಿ ಆಸ್ಪತ್ರೆಯ ಮಾತು ಇರಲಿಲ್ಲ. ಅವನು ಇನ್ಸ್‌ಪೆಕ್ಟರ ಮುಖ ನೋಡಿದ. ಈ ಒಂದು ಸಾಲು ಆಕೆಯ ಮೇಲಿನ ಪ್ರಕರಣವನ್ನು ಇನ್ನಷ್ಟು ಬಿಗಿಮಾಡುತ್ತದೆ ಎಂದು ಅಂಜನಮೂರ್ತಿಯವರಿಗೆ ಗೊತ್ತಿತ್ತು. ಆಕೆ ಯಾಕೆ ಹೇಳುತ್ತಿದ್ದಾಳೆ ಎಂದೂ ಗೊತ್ತಿತ್ತು. ಎಲ್ಲೋ ಲಿಂಗರಾಜಪುರದಲ್ಲಿ ಕಾಣದ ಒಬ್ಬ ಹೆಂಗಸಿಗೆ ನೋವಾಗುತ್ತಿದೆ ಎಂದು ಕೇಳಿದ ಮೇಲೆ ಅಮೃತಮ್ಮನಿಗೆ ತಡೆದುಕೊಳ್ಳಲು ಆಗಲಿಲ್ಲ. ಕೈಯಲ್ಲಿ ಇನ್ನೊಂದು ಔಷಧ ಇಲ್ಲದಾಗ ಇದನ್ನು ಕೊಟ್ಟಳು. ಆಕೆಯನ್ನು ಈ ಅಪರಾಧಕ್ಕೆ ನಡೆಸಿದ್ದು ಇಷ್ಟೇ, ದ್ವೇಷವಲ್ಲ, ಆಸೆಯಲ್ಲ. ಬರೆದುಕೋ ಎಂದು ಅವರು ತಲೆಯಾಡಿಸಿದರು.

ಆಗಸ್ಟ್ ಆರು, ಶುಕ್ರವಾರ. ಗೋವಿಂದಮ್ಮ ಹನ್ನೊಂದು ಗಂಟೆಗೆ ಬಂದರು. ಅಂಜನಮೂರ್ತಿ ಆಕೆಯನ್ನು ತಮ್ಮ ಕೋಣೆಗೆ ಕರೆಸಿ, ಕುರ್ಚಿ ಹಾಕಿಸಿ ಎಲ್ಲವನ್ನೂ ಹೇಳಿದರು. ತಜ್ಞರ ಎರಡನೆಯ ಪ್ಯಾರಾವನ್ನೂ ಓದಿದರು. ಕೋರ್ಟಿನಲ್ಲಿ ಹೇಗೂ ಆಕೆಯ ಕಿವಿಗೆ ಬೀಳುವುದೇ. ಓದಿ ಉಸಿರು ತೆಗೆದುಕೊಳ್ಳದೆ ಅಮೃತಮ್ಮನ ಹೇಳಿಕೆಯ ಕೊನೆಯ ಸಾಲನ್ನೂ ಓದಿಬಿಟ್ಟರು. ನೀವು ಆಸ್ಪತ್ರೆಗೆ ಹೋಗುತ್ತೇನೆ ಅಂದಿರಿ, ತಡೆದವಳು ಆಕೆ, ನಿಮ್ಮ ತಪ್ಪಲ್ಲ ಎಂದರು. ನಾಲ್ಕು ವಾರದಿಂದ ಹೇಳಬೇಕೆಂದಿದ್ದ ಮಾತು ಕೊನೆಗೂ ಬಾಯಿಂದ ಹೊರಬಂದದ್ದಕ್ಕೆ ಅವರಿಗೇ ಮೈ ಹಗುರಾಯಿತು.

ಗೋವಿಂದಮ್ಮ ಆ ಸಾಲನ್ನು ಇನ್ನೊಮ್ಮೆ ಓದಿಸಿದರು.

“ನಾನು ಆಸ್ಪತ್ರೆ ಅಂತ ಅನ್ನೇ ಇಲ್ಲ ಸಾರ್. ಆಯಮ್ಮ ಮಲಗ್ಸಿ ಅಂದ್ಲು, ನಂಗೆ ನಿರಾಳ ಆಯ್ತು. ಅಷ್ಟೇ ನಡೆದಿದ್ದು.”

“ಇರ್ಲಿ ಬಿಡಿ ಅಮ್ಮಾ. ಆಕೇನೇ ಒಪ್ಕೊಂಡಿದ್ದಾಳಲ್ಲ.”

“ಬ್ಯಾಡ ಸಾರ್. ನನ್ ಮಗಳಿಗೂ ಹಿಂಗೇ ಮಾಡಿದ್ಲು ಆಯಮ್ಮ, ಪಾಪ. ಅವ್ಳು ಏನೂ ಗೊತ್ತಾಗ್ದೇ ಹೋದ್ಲು. ನಂಗಾದ್ರೂ ನೋವು ಗೊತ್ತಾಗ್ಲಿ. ಬರ್ಕೊಳ್ಳಿ.”

ಅಂಜನಮೂರ್ತಿ ಹುಸೇನಪ್ಪನನ್ನು ಒಳಗೆ ಕರೆದರು. ಹುಸೇನಪ್ಪ ಹೊಸ ಹಾಳೆ ತೆಗೆದು, ಫಿರ್ಯಾದಿಯ ಪೂರಕ ಹೇಳಿಕೆ ಎಂದು ಮೇಲೆ ಬರೆದು, ಸಮಯ ಹನ್ನೊಂದು ಇಪ್ಪತ್ತೈದು ಎಂದು ಹಾಕಿದ. ಗೋವಿಂದಮ್ಮ ನಿಧಾನವಾಗಿ, ಒಂದು ಮಾತೂ ಬಿಡದೆ ಹೇಳಿದರು. ಬರೆದದ್ದನ್ನು ಓದಿಸಿ ಕೇಳಿ, ಸರಿ ಇದೆ ಎಂದು ಸಹಿ ಮಾಡಿದರು.